ಶೈಲಿಯನ್ನು ಬೇಗ ಗೊತ್ತುಮಾಡಿಕೊಳ್ಳಿ ಎನ್ನುವವರಿಗೆ

ನಿನ್ನೆ ಕಿರಿಯ ಕಲಾವಿದರಿಗಾಗಿ ಏರ್ಪಡಿಸಿದ್ದ ಮಾತುಕತೆಯೊಂದರಿಂದ ಎದ್ದು ಬಂದಾಗಿನಿಂದ ನನ್ನ ಮನಸ್ಸು ಕುದಿಯುತ್ತಲೇ ಇದೆ. ಕಲಾಕೃತಿಗಳ ಮಾರಾಟದಲ್ಲಿ ಪಳಗಿದವರೊಬ್ಬರು ಒಬ್ಬ ಹುಡುಗಿಯ ಚಿತ್ರಗಳ ಕಟ್ಟನ್ನು ಬೇಗಬೇಗನೆ ತಿರುವಿಹಾಕಿ, ನೀಲಿ ಕಿಟಕಿಗಳಿದ್ದ ಎರಡು ಮೂರು ಚಿತ್ರಗಳನ್ನು ಬದಿಗೆ ತೆಗೆದಿಟ್ಟು, ಇದೇ ನಿಮ್ಮ ಶೈಲಿ, ಜನ ಗುರುತು ಹಿಡಿಯುವವರೆಗೆ ಇದನ್ನೇ ಮಾಡುತ್ತಿರಿ ಎಂದರು. ಕಟ್ಟಿನ ತಳದಲ್ಲಿದ್ದ ಇದ್ದಿಲಿನ ರೇಖಾಚಿತ್ರಗಳನ್ನು ಅವರು ನೋಡಲೇ ಇಲ್ಲ. ಅವುಗಳಲ್ಲೊಂದರಲ್ಲಿ, ಮಲಗಿದ ಮುದುಕಿಯ ಗಲ್ಲದ ಗೆರೆ ಮುಗಿಯುವ ಮೊದಲೇ ಹುಡುಗಿ ಕೈಯೆತ್ತಿದ್ದಳು. ಮುಖದ ದಣಿವೆಲ್ಲ ಆ ಖಾಲಿ ಜಾಗದಲ್ಲೇ ಬಂದು ನಿಂತಿತ್ತು. ಅವಳ ಕೈ ಎತ್ತ ಹೊರಟಿದೆ ಎಂಬುದು ಅಲ್ಲಿ ಕಾಣುತ್ತಿತ್ತು, ಕಿಟಕಿಗಳಲ್ಲಿ ಅಲ್ಲ.

ಬಣ್ಣಪಟ್ಟಿಯಿಂದ ಆರಿಸಿಕೊಂಡ ಹಾಗೆ ಯಾರೂ ಶೈಲಿಯನ್ನು ಆರಿಸಿಕೊಳ್ಳಲಾರರು. ಒಂದೇ ತೊಡಕನ್ನು ವರ್ಷಗಟ್ಟಲೆ ಬಿಡಿಸುತ್ತ ಹೋದವರ ಕೈಗೆ ಕೆಲವು ರೂಢಿಗಳು ಅಂಟುತ್ತವೆ, ಕೆಲವು ಬಿಟ್ಟುಹೋಗುತ್ತವೆ. ಹಾಗೆ ಉಳಿದದ್ದನ್ನು ನೋಡುವವರು ಮುಂದೆಂದೋ ಶೈಲಿ ಎಂದು ಗುರುತಿಸುತ್ತಾರೆ. ಡಚ್ ಚಿತ್ರಕಾರ ಮೊಂಡ್ರಿಯನ್ 1908ರ ಸುಮಾರಿಗೆ ಕೆಂಪು ಮರವನ್ನು ಬರೆಯುತ್ತಿದ್ದರು, 1911ರಲ್ಲಿ ಬೂದು ಮರವನ್ನು. ಕೊಂಬೆಗಳು ಮತ್ತು ಅವುಗಳ ನಡುವಿನ ತೆರಪುಗಳನ್ನು ಮತ್ತೆ ಮತ್ತೆ ಕೆದಕುತ್ತ, ಇಂದು ಎಲ್ಲರೂ ಬಲ್ಲ ಕಪ್ಪು ಗೆರೆ ಮತ್ತು ಮೂಲವರ್ಣಗಳ ಚೌಕಗಳಿಗೆ ಅವರು ಬಂದು ಮುಟ್ಟುವ ಹೊತ್ತಿಗೆ ವಯಸ್ಸು ಐವತ್ತರ ಹತ್ತಿರಕ್ಕೆ ಬಂದಿತ್ತು. ಕೆಂಪು ಮರ ಚೆನ್ನಾಗಿ ಹೋಗುತ್ತದೆ, ಅದನ್ನೇ ಬರೆಯಿರಿ ಎಂಬ ಮಾತಿಗೆ ಅವರು ಕಟ್ಟುಬಿದ್ದಿದ್ದರೆ? ವ್ಯಾನ್ ಗೋ 1885ರಲ್ಲಿ ಆಲೂಗಡ್ಡೆ ತಿನ್ನುವ ರೈತರನ್ನು ಮಣ್ಣಿನ ಬಣ್ಣಗಳಲ್ಲಿ ಬರೆದರು. ಸೂರ್ಯಕಾಂತಿಗಳ ಹಳದಿ ಬಂದದ್ದು 1888ರಲ್ಲಿ. ನಡುವಿನ ಮೂರೇ ವರ್ಷಗಳಲ್ಲಿ ಕೈ ಅಷ್ಟು ದೂರ ಹೋಗಬಲ್ಲುದು, ಯಾರೂ ಕಟ್ಟಿಹಾಕದಿದ್ದರೆ.

ಕಲಾವಿದರೂ ಬಾಡಿಗೆ ಕಟ್ಟಬೇಕು, ಕೊಳ್ಳುವವರಿಗೆ ಗುರುತು ಬೇಕು ಎಂದು ಕೆಲವು ಗೆಳೆಯರು ಹೇಳುತ್ತಾರೆ. ಹೊಟ್ಟೆಪಾಡನ್ನು ನಾನು ಹಗುರವಾಗಿ ನೋಡುವವನಲ್ಲ, ನಿಮಗೆಲ್ಲ ಅದು ಗೊತ್ತು. ಆದರೆ ಗುರುತು ಮೂಡಬೇಕಾದರೆ ಕೈ ನಿಂತಲ್ಲೇ ನಿಲ್ಲಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಐನೂರು ವರ್ಷಗಳ ಹಿಂದಿನ ಜರ್ಮನ್ ಕಲಾವಿದ ಡ್ಯೂರರ್ ತಮ್ಮ ಅಚ್ಚುಚಿತ್ರಗಳ ಮೇಲೆ ಹೆಸರಿನ ಎರಡಕ್ಷರಗಳ ಮುದ್ರೆ ಹಾಕಿದರು, ಅವರ ಹೆಂಡತಿ ಆಗ್ನೆಸ್ ಅವನ್ನು ಜಾತ್ರೆಗಳಿಗೆ ಒಯ್ದು ಮಾರಿದರು. ಮುದ್ರೆ ಬದಲಾಗಲಿಲ್ಲ, ಕೆಲಸ ಬೆಳೆಯುತ್ತಲೇ ಹೋಯಿತು. ವ್ಯಾನ್ ಗೋ ಅವರ ತಮ್ಮನ ಹೆಂಡತಿ ಯೋಹಾನ್ನ, 1891ರಲ್ಲಿ ಗಂಡನನ್ನು ಕಳೆದುಕೊಂಡ ಮೇಲೆ, ಚಿತ್ರಗಳನ್ನು ಪ್ರದರ್ಶನಗಳಿಗೆ ಕಳಿಸಿದರು, ಯೋಚಿಸಿ ಯೋಚಿಸಿ ಮಾರಿದರು, 1914ರಲ್ಲಿ ವ್ಯಾನ್ ಗೋ ತಮ್ಮನಿಗೆ ಬರೆದಿದ್ದ ಪತ್ರಗಳನ್ನು ಪ್ರಕಟಿಸಿದರು. ಜನ ಒಬ್ಬ ಮನುಷ್ಯನ ದಾರಿಯನ್ನು ಓದಿದರು, ಆ ದಾರಿಯ ಜೊತೆಗೆ ಚಿತ್ರಗಳನ್ನು ನೋಡಿದರು. ಮಾರುಕಟ್ಟೆಯ ಕೆಲಸವೆಂದರೆ ನನ್ನ ಮಟ್ಟಿಗೆ ಇದು. ಚಿತ್ರದ ಬೆನ್ನಿಗೆ ವರ್ಷ, ಅಳತೆ, ಮಾಧ್ಯಮಗಳನ್ನು ಬರೆದಿಡುವುದು, ಸ್ಟುಡಿಯೋದಲ್ಲೊಂದು ಗ್ಯಾಲರಿಯಲ್ಲೊಂದು ಬೆಲೆ ಹೇಳದಿರುವುದು, ಒಮ್ಮೆ ಕೊಂಡವರಿಗೆ ಹೊಸ ಕೆಲಸದ ಸುದ್ದಿ ತಿಳಿಸುತ್ತಿರುವುದು, ಇವೆಲ್ಲ ದುಡಿಮೆಯೇ, ಗೌರವದ ದುಡಿಮೆಯೇ. ಇವುಗಳಲ್ಲಿ ಯಾವುದಕ್ಕೂ ನೀಲಿ ಕಿಟಕಿ ಬೇಕಿಲ್ಲ.

ಬದಲಾಗುವುದಕ್ಕೆ ಬೆಲೆ ತೆರಬೇಕಾಗುತ್ತದೆ, ನಿಜ. ಅಮೂರ್ತ ಚಿತ್ರಗಳಿಂದ ಹೆಸರಾಗಿದ್ದ ಫಿಲಿಪ್ ಗಸ್ಟನ್ 1970ರಲ್ಲಿ ನ್ಯೂಯಾರ್ಕ್‌ನಲ್ಲಿ ಒರಟು ಆಕೃತಿಗಳ ಚಿತ್ರಗಳನ್ನು ತೂಗುಹಾಕಿದಾಗ ವಿಮರ್ಶಕರು ಹರಿಹಾಯ್ದರು. ಮುಂದಿನ ತಲೆಮಾರಿನ ಚಿತ್ರಕಾರರು ಹೆಚ್ಚು ಕಲಿತದ್ದು ಆ ಚಿತ್ರಗಳಿಂದಲೇ. ಐವತ್ತು ದಾಟಿದ, ಆಗಲೇ ಹೆಸರು ಗಳಿಸಿದ್ದವರಿಗೇ ಅಷ್ಟು ಏಟು ಬೀಳುವಾಗ, ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಮೊದಲ ಗಿರಾಕಿಗಳ ಮೆಚ್ಚುಗೆಗೆ ಸಿಕ್ಕಿಬಿದ್ದರೆ ಅದರಿಂದ ಬಿಡಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ಸಲಹೆ ಕೊಡುವವರು ಯೋಚಿಸಬೇಡವೇ? ನನ್ನ ಸಿಟ್ಟು ಇರುವುದು ಅಲ್ಲೇ. ಯಾವುದು ಮಾರಾಟವಾಗುತ್ತದೆ ಎಂದು ಹೇಳುವ ಮೊದಲು, ಎದುರಿಗಿರುವವರ ಕೆಲಸವನ್ನೆಲ್ಲ ಬರೆದ ಕ್ರಮದಲ್ಲೇ ನೆಲದ ಮೇಲೆ ಹರಡಿಸಿ, ಅರ್ಧ ದಿನವಾದರೂ ಕೂತು ನೋಡಿ. ಅಷ್ಟು ಹೊತ್ತು ಇಲ್ಲದವರು ಶೈಲಿಯ ಬಗ್ಗೆ ಸಲಹೆ ಕೊಡಲು ಬರಬೇಡಿ.