ಬೆಕ್ಕಿನ ಊಟ ಬಂದ್, ವೈರಸ್ಸಿಗೆ ದಾರಿ ಬಿಡಿ

‘ಬೀದಿ ಬೆಕ್ಕುಗಳಲ್ಲಿ ಕಾಯಿಲೆ ಕಾಣಿಸಿಕೊಂಡಿರುವುದರಿಂದ ಮುಂದಿನ ಆದೇಶದವರೆಗೆ ಅವುಗಳಿಗೆ ಆಹಾರ ಹಾಕತಕ್ಕದ್ದಲ್ಲ.’ ಗೋಡೆಗೆ ಅಂಟಿಸಿದ ಈ ಕಾಗದ ನೀವೂ ನೋಡಿರುತ್ತೀರಿ. ಮೊಹರು, ಸಹಿ, ದಿನಾಂಕ ಎಲ್ಲ ಸರಿಯಾಗಿವೆ. ಬೆಕ್ಕುಗಳಿಗೆ ಓದಲು ಬಾರದು ಎಂಬುದೊಂದೇ ಕೊರತೆ. ಬಂದಿದ್ದರೆ ಸಾಲಾಗಿ ಕೂತು ಉಪವಾಸ ಮಾಡುತ್ತಿದ್ದವೇನೋ. ಬಾರದ್ದರಿಂದ ಹೊಟ್ಟೆ ಹಸಿದು ಪಕ್ಕದ ಬೀದಿಗೆ ಹೋದವು, ಅಲ್ಲಿಂದ ಅದರಾಚೆಯ ಬೀದಿಗೆ. ಪಾದಕ್ಕೆ ಅಂಟಿದ ವೈರಸ್ಸಿಗೆ ಪುಕ್ಕಟೆ ಪ್ರಯಾಣ.

ಕಾಯಿಲೆ ಪ್ಯಾನ್‌ಲ್ಯುಕೋಪೀನಿಯಾ. ಹೆಸರು ನೋಟಿಸಿನಲ್ಲಿಲ್ಲ, ಬಹುಶಃ ಟೈಪಿಸ್ಟ್ ಮೇಲಿನ ಕರುಣೆಯಿಂದ. ನಾಯಿಮರಿಗಳನ್ನು ಕೊಲ್ಲುವ ಪಾರ್ವೋ ವೈರಸ್ಸಿನ ದಾಯಾದಿ ಇದು. ಮನುಷ್ಯರಿಗೆ ಅಂಟುವುದಿಲ್ಲ, ಆದರೂ ‘ಸಾರ್ವಜನಿಕ ಆರೋಗ್ಯದ ಹಿತದೃಷ್ಟಿಯಿಂದ’ ಎಂಬ ಸಾಲು ನೋಟಿಸಿಗೆ ಹೇಗೋ ಅಂಟಿಕೊಂಡಿದೆ.

ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಊಟ ಹಾಕುವವರ ಬಳಿ ಇರುವುದು ಬರೀ ತಟ್ಟೆಯಲ್ಲ, ಹಾಜರಿ ಪುಸ್ತಕ. ನಿನ್ನೆ ಹದಿನಾಲ್ಕು ಬಂದಿದ್ದವು, ಇವತ್ತು ಹನ್ನೆರಡು ಎಂದರೆ ಬಾರದ ಎರಡನ್ನು ಹುಡುಕಬೇಕು. ಕಾಯಿಲೆ ಬಿದ್ದ ಬೆಕ್ಕು ಮೊದಲು ಊಟ ಬಿಡುತ್ತದೆ, ಆಮೇಲೆ ಮೂಲೆ ಸೇರುತ್ತದೆ. ವಾಂತಿ, ಭೇದಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ನೀರಿನ ಬಟ್ಟಲ ಮೇಲೆ ತಲೆ ಜೋತುಬಿಟ್ಟು ಕೂತಿದೆ, ಕುಡಿಯುತ್ತಿಲ್ಲ ಎಂದರೆ ಅದನ್ನು ಆಗಲೇ ಬೋನಿಗೆ ಹಾಕಬೇಕು. ಉಳಿದವಕ್ಕೆ ಒಂದೇ ದೊಡ್ಡ ತಟ್ಟೆ ಬೇಡ. ಬೇರೆ ಬೇರೆ ತಟ್ಟೆ, ದೂರದೂರ. ಅರ್ಧ ಗಂಟೆಯಲ್ಲಿ ಎತ್ತಿ ತೊಳೆಯಬೇಕು. ಉಪವಾಸಕ್ಕೆ ಬೆಲೆ ಇರುವುದು ಒಂದೇ ಕಡೆ: ಲಸಿಕೆಗಾಗಿ ಬೋನು ಇಡುವ ಮುಂಚಿನ ಹನ್ನೆರಡು ಗಂಟೆ. ಆದರೆ ಹೊತ್ತಿಗೆ ಸರಿಯಾಗಿ ಬರುವ ರೂಢಿಯನ್ನೇ ನೋಟಿಸು ತಪ್ಪಿಸಿಬಿಟ್ಟರೆ ಬೋನಿಗೆ ಬೀಳುವುದು ಹೆಗ್ಗಣ.

ಎಣಿಕೆ ಎಂದಾಗ ಸೈಪ್ರಸ್ ನೆನಪಾಗುತ್ತದೆ. 2023ರಲ್ಲಿ ಅಲ್ಲಿ ಬೇರೊಂದು ಕಾಯಿಲೆ, ಬೆಕ್ಕಿನ ಕೊರೊನಾ ಹೊಸ ವೇಷದಲ್ಲಿ ಬಂತು. ಮೂರು ಲಕ್ಷ ಬೆಕ್ಕು ಸತ್ತಿವೆ ಎಂದರು ಬೆಕ್ಕುಪ್ರೇಮಿಗಳು. ಸುಮಾರು ಎಂಟು ಸಾವಿರ ಎಂದರು ಪಶುವೈದ್ಯರು. ಮೂರು ಲಕ್ಷಕ್ಕೂ ಎಂಟು ಸಾವಿರಕ್ಕೂ ನಡುವೆ ಒಂದು ಇಡೀ ನಗರ ಕೂರಬಹುದು! ಆದರೂ ಆ ಸರ್ಕಾರ ಗೋದಾಮಿನಲ್ಲಿ ಉಳಿದಿದ್ದ ಮನುಷ್ಯರ ಕೋವಿಡ್ ಮಾತ್ರೆಗಳನ್ನು ಆಗಸ್ಟಿನಲ್ಲಿ ಬೆಕ್ಕುಗಳಿಗೆ ಬಿಟ್ಟುಕೊಟ್ಟಿತು. ನಮ್ಮ ಕಥೆಯಲ್ಲಿ ಗೋದಾಮಿನಿಂದ ಹೊರಬಂದದ್ದು ಫಿನಾಯಿಲ್.

ಫಿನಾಯಿಲ್‌ನ ಮಹಿಮೆ ಹೇಳಲೇಬೇಕು. ಈ ವೈರಸ್ಸಿಗೆ ಮೇಲ್ಹೊದಿಕೆಯ ಕೊಬ್ಬಿನ ಪದರವಿಲ್ಲ, ಹಾಗಾಗಿ ಫಿನಾಯಿಲ್, ಸ್ಪಿರಿಟ್ ಯಾವುದಕ್ಕೂ ಬಗ್ಗುವುದಿಲ್ಲ. ಬೆಕ್ಕು ಬಗ್ಗುತ್ತದೆ. ಫಿನಾಯಿಲ್‌ನಲ್ಲಿರುವ ಫೀನಾಲನ್ನು ಕರಗಿಸಿ ಹೊರಹಾಕುವ ಶಕ್ತಿ ಅದರ ಯಕೃತ್ತಿಗೆ ಕಡಿಮೆ; ಪಾದ ನೆಕ್ಕಿದರೆ ವಿಷ ಒಳಗೆ. ವೈರಸ್ಸನ್ನು ಉಳಿಸಿ ಬೆಕ್ಕನ್ನು ತೆಗೆಯುವ ಔಷಧಿಯನ್ನು ಇಷ್ಟು ಕರಾರುವಾಕ್ಕಾಗಿ ಆರಿಸುವುದು ಸಾಮಾನ್ಯ ತಲೆಯ ಕೆಲಸವಲ್ಲ.

ಕೆಲಸಕ್ಕೆ ಬರುವುದು ಮನೆಯ ಬ್ಲೀಚ್. ಲೀಟರ್ ನೀರಿಗೆ 30 ಮಿಲಿ, ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು, ದಿನವೂ ಹೊಸದಾಗಿ ಬೆರೆಸಬೇಕು. ಅದಕ್ಕೂ ಮುಂಚೆ ಸೋಪಿನಿಂದ ತೊಳೆದು ಕೊಳೆ ತೆಗೆಯಬೇಕು, ಇಲ್ಲದಿದ್ದರೆ ಬ್ಲೀಚಿನ ಶಕ್ತಿಯೆಲ್ಲ ಕೊಳೆಗೇ ಖರ್ಚು. ಉಚ್ಚೆಯ ಮೇಲೆ ನೇರವಾಗಿ ಸುರಿದರೆ ಏಳುವ ಗಾಳಿ ಸುರಿದವರ ಎದೆಗೇ ಹೊಡೆಯುತ್ತದೆ. ಸಿಮೆಂಟು, ಪ್ಲಾಸ್ಟಿಕ್, ಬೋನಿಗೆ ಇದು ಸರಿ. ಮಣ್ಣಿಗೆ ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ವೈರಸ್ಸು ಒಂದು ವರ್ಷದವರೆಗೂ ಕಾಯುತ್ತದೆ. ಅದಕ್ಕೆ ತಾಳ್ಮೆ ಇದೆ.

ಇನ್ನು ದಯಾಳುಗಳು. ಜ್ವರ ಇದೆಯಲ್ಲ ಎಂದು ಹಾಲಿನಲ್ಲಿ ಪ್ಯಾರಾಸಿಟಮಾಲ್ ಕದಡಿ ಇಡುತ್ತಾರೆ. ದೊಡ್ಡವರ ಒಂದೇ ಒಂದು ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ನೋಟಿಸಿನಲ್ಲಿ ಒಂದು ಸಾಲು ಹೆಚ್ಚಿಗೆ ಬರೆಯುವ ಮನಸ್ಸಿದ್ದರೆ ಇದನ್ನು ಬರೆಯಬಹುದಿತ್ತು.

ಲಸಿಕೆ ಇದೆ. ಹೊಸದೇನಲ್ಲ, ಸಿಗದಂಥದ್ದೂ ಅಲ್ಲ. ಕಾಯಿಲೆ ಶುರುವಾದ ಮೇಲೆ ಹಾಕಿದರೂ ಇನ್ನೂ ಸೋಂಕು ತಗುಲದ ಬೆಕ್ಕಿಗೆ ಕೆಲವೇ ದಿನಗಳಲ್ಲಿ ರಕ್ಷಣೆ ಸಿಗುತ್ತದೆ. ನಾಲ್ಕು ವಾರದ ಮರಿಗೂ ಹಾಕಬಹುದು. ಬಸುರಿ ಬೆಕ್ಕಿಗೆ ಮಾತ್ರ ವೈದ್ಯರನ್ನು ಕೇಳಿಯೇ. ಚಿಕಿತ್ಸೆ ಸಿಗದ ಮರಿಗಳಲ್ಲಿ ಹತ್ತಕ್ಕೆ ಒಂಬತ್ತು ಸಾಯಬಹುದು. ಚಿಕಿತ್ಸೆ ಎಂದರೆ ಮುಖ್ಯವಾಗಿ ಡ್ರಿಪ್, ವಾಂತಿ ನಿಲ್ಲಿಸುವ ಮದ್ದು, ಬೆಚ್ಚಗಿನ ಪೆಟ್ಟಿಗೆ. ಇಷ್ಟೇ. ಇಷ್ಟಕ್ಕೆ ದುಡ್ಡಿಲ್ಲ, ಫಿನಾಯಿಲ್ ಟ್ಯಾಂಕರಿಗೆ ಇದೆ, ಮುದ್ರಣಕ್ಕೆ ಇದೆ, ಗೋಂದಿಗೆ ಇದೆ. ಮರಿಗಳು ಒಣಗಿ ಸಾಯುವುದನ್ನು ಎಷ್ಟು ಸಲ ತಮಾಷೆ ಮಾಡಿ ಬರೆಯುವುದು?

ನೋಟಿಸಿನ ಕೊನೆಯ ಸಾಲು: ‘ಉಳಿದ ಬೆಕ್ಕುಗಳನ್ನು ಸ್ಥಳಾಂತರಿಸಲಾಗುವುದು.’ ಸೋಂಕು ತಗುಲಿ ಎರಡು ವಾರದವರೆಗೆ ಲಕ್ಷಣ ಕಾಣಿಸದಿರಬಹುದು, ಅಂದರೆ ಕಾಯಿಲೆಗೂ ಹೊಸ ವಿಳಾಸ. ಇತ್ತ ಕಸದ ತೊಟ್ಟಿ ಇರುವವರೆಗೆ ಖಾಲಿ ಜಾಗಕ್ಕೆ ಬೇರೆ ಬೆಕ್ಕುಗಳು ಬರುತ್ತವೆ, ಲಸಿಕೆ ಇಲ್ಲದವು. ಮಣ್ಣಿನಲ್ಲಿ ವೈರಸ್ಸು ಕಾದಿರುತ್ತದೆ. ಗೋಡೆಯ ಮೇಲೆ ನೋಟಿಸೂ ಇದೆ, ದಿನಾಂಕ ತಿದ್ದಿದರಾಯಿತು.