ಸಾಧು ಸ್ಕೂಟರ್, ಪುಂಡ ಬೈಕು

ಮಗ ಬೈಕು ಬೇಕು ಅಂದರೆ ಮನೆಯಲ್ಲಿ ದೊಡ್ಡ ಪಂಚಾಯಿತಿಯೇ ಶುರುವಾಗುತ್ತದೆ. ಸ್ಕೂಟರ್ ಅಂದರೆ ಯಾರೂ ಚಕಾರ ಎತ್ತುವುದಿಲ್ಲ. ಸ್ಕೂಟರ್ ಸಾಧು, ಬೈಕು ಪುಂಡ ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದಾರೆ. ರಸ್ತೆಯ ಗುಂಡಿಗೆ ಮಾತು ಬಂದಿದ್ದರೆ ಬೇರೆಯೇ ಹೇಳುತ್ತಿತ್ತು.

ಸ್ಕೂಟರಿನ ಚಕ್ರ ಸಾಮಾನ್ಯವಾಗಿ 10 ಅಥವಾ 12 ಇಂಚು. ಬೈಕಿನದು 17, 18. ಬೈಕಿನ ಚಕ್ರ ಸುಮ್ನೆ ದಾಟಿಹೋಗುವ ಗುಂಡಿಯೊಳಗೆ ಸ್ಕೂಟರಿನ ಚಕ್ರ ಇಳಿದುಬಿಡುತ್ತದೆ. ಸಾಲದ್ದಕ್ಕೆ ಎಂಜಿನ್ ಹಿಂದಿನ ಚಕ್ರದ ಪಕ್ಕದಲ್ಲೇ, ಹಾಗಾಗಿ ಮುಂಭಾಗ ಹಗುರ. ಬೈಕಿನ ಎಂಜಿನ್ ಎರಡು ಚಕ್ರಗಳ ನಡುವೆ ಕೂತಿರುತ್ತದೆ. ಟ್ಯಾಂಕನ್ನು ಮೊಣಕಾಲಲ್ಲಿ ಅವುಚಿಕೊಂಡೂ ಕೂರಬಹುದು.

ಸ್ಕೂಟರಿನಲ್ಲಿ ಅವುಚಿಕೊಳ್ಳಲು ಏನಿದೆ? ಕಾಲ ಹತ್ತಿರದ ಚೀಲ! ತಿರುವಿನಲ್ಲಿ ಅದು ಮೆಲ್ಲಗೆ ವಾಲುತ್ತದೆ. ಪಾದದಿಂದ ತಡೆಯುತ್ತೇವೆ. ಬಗ್ಗದಿದ್ದರೆ ಎಡಗೈ ಬಿಟ್ಟು ಅದರ ಹಿಡಿ ಹಿಡಿಯುತ್ತೇವೆ. ಹಿಂದಿನ ಬ್ರೇಕು ಇರುವುದೂ ಆ ಎಡಗೈಯಲ್ಲೇ, ಅಲ್ವಾ?

ಹಾಗಂತ ಸ್ಕೂಟರನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಗೇರಿಲ್ಲ, ಕ್ಲಚ್ಚಿಲ್ಲ, ಎರಡೂ ಬ್ರೇಕು ಬೆರಳ ತುದಿಯಲ್ಲಿ. ಕಲಿಯುವವರ ಗಮನವೆಲ್ಲ ರಸ್ತೆಯ ಮೇಲೇ ಇರುತ್ತದೆ. ಈಗಿನ ಬಹಳಷ್ಟು ಸ್ಕೂಟರುಗಳಲ್ಲಿ ಎಡ ಲಿವರ್ ಒತ್ತಿದರೆ ಮುಂದಿನ ಚಕ್ರಕ್ಕೂ ಸ್ವಲ್ಪ ಬ್ರೇಕು ಬೀಳುತ್ತದೆ. ಇದು ಒಳ್ಳೆಯ ಉಪಾಯ. ಮುಂದಿನ ಬ್ರೇಕು ಹಿಡಿದರೆ ಪಲ್ಟಿ ಹೊಡೆಯುತ್ತೇವೆ ಅನ್ನುವ ಭಯ ಎಷ್ಟೋ ಜನರಿಗಿದೆ. ಆದರೆ ಬ್ರೇಕು ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ಗಾಡಿಯನ್ನು ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಆ ಚಕ್ರದ್ದೇ. ಬರೀ ಕಾಲಿನ ಬ್ರೇಕನ್ನೇ ತುಳಿಯುವ ಬೈಕಿನವರು ಬೇಗ ನಿಲ್ಲುವುದಿಲ್ಲ, ಜಾರುತ್ತಾರೆ. ಬೈಕಿನವರ ಇನ್ನೊಂದು ಕಾಯಿಲೆ ವೇಗ. ವೇಗ ಎರಡರಷ್ಟಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. ಈ ಲೆಕ್ಕ ಸ್ಕೂಟರಿಗೂ ಒಂದೇ, ಆದರೆ ಬೈಕು ಆಸೆ ಜಾಸ್ತಿ ಹುಟ್ಟಿಸುತ್ತದೆ.

ಸ್ಕೂಟರಿನ ಮುಂದಿನ ತಗಡು ಕಾಲನ್ನು ಕಾಪಾಡುತ್ತದೆ ಎಂದು ನಂಬಿದವರೂ ಇದ್ದಾರೆ. 1946ರಲ್ಲಿ ಬಂದ ವೆಸ್ಪಾ ಸ್ಕೂಟರನ್ನು ರೂಪಿಸಿದ ಕೊರಾಡಿನೊ ಡಸ್ಕಾನಿಯೊ ವಿಮಾನದ ಎಂಜಿನಿಯರ್. ಮೋಟಾರ್ ಸೈಕಲ್ ಅಂದರೆ ಅವರಿಗೆ ಅಷ್ಟಕ್ಕಷ್ಟೇ. ಅವರು ಇಟ್ಟ ಆ ತಗಡು ಕೆಸರು, ಗಾಳಿ ತಡೆಯುವುದಕ್ಕೆ. ಕಾರು ಬಂದು ಗುದ್ದಿದರೆ ಅದು ಏನು ತಡೆದೀತು?

ನನ್ನನ್ನು ಕೇಳಿದರೆ, ಗುಂಡಿ ಬಿದ್ದ ದಾರಿಗೆ ಬೈಕೇ ಸರಿ. ಹೊಸಬರಿಗೆ, ನಿಧಾನಸ್ಥರಿಗೆ ಸ್ಕೂಟರ್. ಆದರೆ "ಇಲ್ಲೇ ಹೋಗಿ ಬರ್ತೀನಿ" ಅನ್ನುವ ಮಾತು ಸ್ಕೂಟರಿನವರ ಬಾಯಲ್ಲೇ ಜಾಸ್ತಿ. ಸೀಟಿನ ಕೆಳಗೆ ಹೆಲ್ಮೆಟ್ಟಿಗೆ ಜಾಗ ಮಾಡಿಕೊಟ್ಟಿರುವುದು ಗಾಡಿ ನಿಲ್ಲಿಸಿದ ಮೇಲೆ ಇಡಲಿ ಅಂತ.