ದುಭಾಷಿಯ ಕೈಯಲ್ಲಿ ಅಪ್ಪ

ಪರದೇಶಕ್ಕೆ ವಲಸೆ ಬಂದ ಎರಡೇ ವರ್ಷಗಳಲ್ಲಿ ನಮ್ಮ ಮನೆಯ ಯಜಮಾನಿಕೆ ಯಾವ ಜಗಳವೂ ಇಲ್ಲದೆ 11 ವರ್ಷದ ಮಗಳ ಕೈಗೆ ಹೋಯಿತು. ಅವಳು ಶಾಲೆಯ ಅಂಗಳದಲ್ಲಿ ಆಡುತ್ತಾ ಆಡುತ್ತಾ ಕಲಿತುಬಿಟ್ಟ ಭಾಷೆಯನ್ನು ಪುಸ್ತಕ ಹಿಡಿದು ಕಲಿಯಹೊರಟ ನಾನು ಇನ್ನೂ ಕ್ರಿಯಾಪದಗಳ ಹೊಸ್ತಿಲಲ್ಲೇ ನಿಂತಿದ್ದೇನೆ. ಹೀಗಾಗಿ ಬ್ಯಾಂಕು, ಬಾಡಿಗೆ ಕರಾರು, ವಿದ್ಯುತ್ ಬಿಲ್ಲು ಎಲ್ಲಕ್ಕೂ ಅವಳೇ ಬಾಯಿ. ನಾನು ಅವಳು ತೋರಿಸಿದ ಕಡೆ ಸಹಿ ಹಾಕುವ ಕೈ ಮಾತ್ರ.

ಕಳೆದ ತಿಂಗಳು ನನಗೆ ಎದೆಯುರಿ ಕಾಣಿಸಿಕೊಂಡಿತು. ತಡರಾತ್ರಿ ಉಂಡು ಹಾಗೆಯೇ ಮಲಗಿದ್ದರ ಫಲವದು. ಒಂದು ಗುಳಿಗೆ ಸಿಕ್ಕಿದ್ದರೆ ಸಾಕಿತ್ತು. ವೈದ್ಯರ ಮುಂದೆ ಕುಳಿತು, “ಎದೆ ಉರೀತಿದೆ ಅಂತ ಹೇಳಮ್ಮ” ಎಂದೆ. ಮಗಳು ಪದಕ್ಕೆ ಪದವಿಟ್ಟು ಅನುವಾದಿಸಿದ್ದಲ್ಲದೆ, ಅಪ್ಪನ ಕಷ್ಟ ವೈದ್ಯರ ಮನಸ್ಸಿಗೆ ನಾಟಲೆಂದು ತನ್ನ ಎದೆಯ ಎಡಭಾಗವನ್ನು ಒತ್ತಿ ಹಿಡಿದು, ಮುಖ ಕಿವುಚಿ, ಒಂದಿಷ್ಟು ಅಭಿನಯವನ್ನೂ ಸೇರಿಸಿದಳು. ಮರುನಿಮಿಷದಲ್ಲಿ ನಾನು ಅಂಗಿ ಬಿಚ್ಚಿ ಅಂಗಾತ ಮಲಗಿದ್ದೆ. ಇಸಿಜಿ ಯಂತ್ರದ 10 ಎಲೆಕ್ಟ್ರೋಡುಗಳು ಮೈಗೆ ಅಂಟಿಕೊಂಡಿದ್ದವು.

2003ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ದುಭಾಷಿಗಳ ಮೂಲಕ ನಡೆದ 13 ವೈದ್ಯಭೇಟಿಗಳಲ್ಲಿ 396 ಅನುವಾದದ ತಪ್ಪುಗಳನ್ನು, ಎಂದರೆ ಭೇಟಿಯೊಂದಕ್ಕೆ ಸರಾಸರಿ 31ನ್ನು, ಎಣಿಸಿತ್ತು. ಅವರಲ್ಲಿ ವೃತ್ತಿನಿರತ ದುಭಾಷಿಗಳೂ ಇದ್ದರು. ನನ್ನ ಮಗಳದು ಒಂದೇ ತಪ್ಪು. ಹೆತ್ತವನಾಗಿ ನಾನು ಹೆಮ್ಮೆ ಪಡದಿರುವುದು ಹೇಗೆ?

ಹೃದಯ ನೆಟ್ಟಗಿದೆಯೆಂದು ಖಚಿತವಾದ ಮೇಲೆ ವೈದ್ಯರು ನನ್ನ ಮುಖವನ್ನೊಮ್ಮೆ, ಹೊಟ್ಟೆಯನ್ನೊಮ್ಮೆ ನೋಡುತ್ತಾ ಐದು ನಿಮಿಷ ಮಾತನಾಡಿದರು. ಮಗಳು ಗಂಭೀರವಾಗಿ ತಲೆಯಾಡಿಸಿ ನನ್ನತ್ತ ತಿರುಗಿದಳು.

“ಬೇಗ ಊಟ ಮಾಡ್ಬೇಕಂತೆ.”

“ಅಷ್ಟು ಹೊತ್ತು ಹೇಳಿದ್ದು ಇಷ್ಟೇನಾ?”

“ಉಳಿದಿದ್ದು ನಿನಗೆ ಅರ್ಥ ಆಗಲ್ಲ, ಬಿಡಪ್ಪ.”

ದೊಡ್ಡವರ ಮಾತಿನ ನಡುವೆ ಬಾಯಿ ಹಾಕಿದಾಗಲೆಲ್ಲ ನಾನು ಅವಳಿಗೆ ಹೇಳುತ್ತಿದ್ದ ಮಾತು ಅದು. ಧಾಟಿಯೂ ನನ್ನದೇ. ಕನ್ನಡದಲ್ಲಿ ಅವಳು ಮರೆಯದೆ ಉಳಿಸಿಕೊಂಡಿರುವ ವಾಕ್ಯಗಳು ದಿನೇದಿನೇ ಕಡಿಮೆಯಾಗುತ್ತಿರುವಾಗ, ಇದೊಂದು ಮಾತ್ರ ಇಷ್ಟು ಅಚ್ಚುಕಟ್ಟಾಗಿ ಉಳಿದಿದೆಯಲ್ಲ ಎಂದು ದಾರಿಯುದ್ದಕ್ಕೂ ಯೋಚಿಸುತ್ತಾ ಬಂದೆ.

ಮುಂದಿನ ವಾರ ಅವಳ ಶಾಲೆಯಲ್ಲಿ ಪೋಷಕರ ಸಭೆಯಿದೆ. ಅಲ್ಲಿಯೂ ಅವಳೇ ದುಭಾಷಿ. ಎಂದರೆ ಆರೋಪಿಯೇ ತೀರ್ಪನ್ನು ಓದಿ ಹೇಳುವ ವ್ಯವಸ್ಥೆ. ಇದಕ್ಕೆ ತಡೆಯೊಡ್ಡಲು, “ಅವಳು ಹೇಳದೆ ಬಿಟ್ಟದ್ದನ್ನೂ ದಯವಿಟ್ಟು ತಿಳಿಸಿ” ಎಂಬ ವಾಕ್ಯವೊಂದನ್ನು ಆ ಭಾಷೆಯಲ್ಲಿ ಗುಟ್ಟಾಗಿ ಬಾಯಿಪಾಠ ಮಾಡುತ್ತಿದ್ದೇನೆ. ನಿನ್ನೆ ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಅಭ್ಯಾಸ ನಡೆಸಿದ್ದಾಗ, ಬಾಗಿಲ ಆಚೆಯಿಂದ ಯಾರೋ ಬಹಳ ತಾಳ್ಮೆಯಿಂದ ನನ್ನ ಉಚ್ಚಾರಣೆಯನ್ನು ತಿದ್ದಿದರು.